ಮೂರು ಕೊಟೇಶನ್, ಒಂದು ಸಹಿ

ಪ್ರಶ್ನೆ: ನಾನು ರಾಣೆಬೆನ್ನೂರು ಕಡೆಯವನು. ಹದಿಮೂರು ವರ್ಷದಿಂದ ಅಹಮದಾಬಾದ್‌ನಲ್ಲಿದ್ದೇನೆ. ನಾರೋಲ್‌ನಲ್ಲಿರುವ ಬಟ್ಟೆ ಪ್ರಿಂಟಿಂಗ್ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ನನ್ನ ಜವಾಬ್ದಾರಿ. ಕೈಕೆಳಗೆ ಒಬ್ಬನೇ ಹುಡುಗ. ಸೂರತ್‌ನಲ್ಲಿ ನಮ್ಮದೊಂದು ಸಣ್ಣ ಡಿಸೈನ್ ಸ್ಟುಡಿಯೋ, ವಡೋದರಾದಲ್ಲಿ ಗೋಡೌನು ಮತ್ತು ಬಿಲ್ಲಿಂಗ್ ಆಫೀಸು ಇವೆ. ನಾರೋಲ್‌ನ ಸರ್ವರ್ ರೂಮಿನಲ್ಲಿ ವಿಎಂವೇರ್ ಹಾಕಿದ ನಾಲ್ಕು ಸರ್ವರ್‌ಗಳಿವೆ. ಇಆರ್‌ಪಿ, ಟ್ಯಾಲಿ, ಡಿಸೈನ್ ಫೈಲುಗಳು ಎಲ್ಲವೂ ಹಳೆಯ ಹಾರ್ಡ್‌ಡಿಸ್ಕ್ ಸ್ಟೋರೇಜಿನ ಮೇಲೆ, ಒಂದು ಗಿಗಾಬಿಟ್ಟಿನ ಐಸ್ಕಸಿಯಲ್ಲಿ ಓಡುತ್ತಿವೆ. ತಿಂಗಳ ಕೊನೆಗೆ ಇಆರ್‌ಪಿ ತೆವಳುತ್ತದೆ. ಡಿಸೈನ್‌ನವರು ಫೈಲು ತೆರೆಯಲು ಕೊಟ್ಟು ಚಹಾ ಕುಡಿದು ಬರುತ್ತಾರೆ.

ಈ ಸಲ ಶೇಠರು ಫ್ಲ್ಯಾಶ್ ಸ್ಟೋರೇಜ್‌ಗೆ ಒಪ್ಪಿದ್ದಾರೆ. ಮೂವರು ಡೀಲರುಗಳು ಮೂರು ದಾರಿ ತೋರಿಸಿದ್ದಾರೆ. ಮೊದಲನೆಯವರದು 32 ಗಿಗಾದ ಫೈಬರ್ ಚಾನೆಲ್. ಎರಡನೆಯವರದು 25 ಗಿಗಾ ಈಥರ್‌ನೆಟ್ ಮೇಲೆ ಎನ್‌ವಿಎಂಇ-ಟಿಸಿಪಿ. ಮೂರನೆಯವರದು 100 ಗಿಗಾದ ಆರ್‌ಡಿಎಂಎ, ರೋಸಿ ಎನ್ನುತ್ತಾರೆ. ಎರಡನೆಯದು ಎಲ್ಲಕ್ಕಿಂತ ಅಗ್ಗ. ಶೇಠರ ಅಣ್ಣನ ಮಗ ಈಗಷ್ಟೇ ಎಂಬಿಎ ಮುಗಿಸಿ ಬಂದಿದ್ದಾನೆ, 100 ಗಿಗಾನೇ ಬೇಕು ಎಂದು ಹಟ. ಶೇಠರು ನನ್ನ ಕಡೆ ತಿರುಗಿ, “ನೀವೇ ಆರಿಸಿ, ನೀವೇ ಸಹಿ ಹಾಕಿ” ಎಂದುಬಿಟ್ಟರು. ಆರ್‌ಡಿಎಂಎ ನನಗೆ ಗೊತ್ತಿಲ್ಲ. ಹಾಗೆಂದರೆ ಹಳಬನಾದೆ ಅನ್ನುತ್ತಾರೆ. ಅಗ್ಗದ್ದು ಆರಿಸಿ ಅದು ಕೈಕೊಟ್ಟರೆ ಕೆಲಸಕ್ಕೇ ಕುತ್ತು. ಇನ್ನೊಂದು ಮಾತು: ಇದೇ ಫ್ಲ್ಯಾಶನ್ನು ಸೂರತ್‌ನವರಿಗೂ ಲೀಸ್ಡ್ ಲೈನ್ ಮೂಲಕ ನೇರವಾಗಿ ಕೊಡಬಹುದೇ? ರಾತ್ರಿ ನಿದ್ದೆ ಬರುತ್ತಿಲ್ಲ ಸರ್. ಹೆಸರು ಹಾಕಬೇಡಿ.
– ಒಬ್ಬ ಓದುಗ, ಮಣಿನಗರ, ಅಹಮದಾಬಾದ್

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಯಾವ ನೆಟ್‌ವರ್ಕ್ ಎಂಬುದು ಒಂದು, ತಪ್ಪಾದರೆ ನನ್ನ ಗತಿಯೇನು ಎಂಬುದು ಇನ್ನೊಂದು. ನಿದ್ದೆ ಕೆಡಿಸಿರುವುದು ಎರಡನೆಯದು. ಆದರೆ ಮೊದಲನೆಯದಕ್ಕೆ ಲೆಕ್ಕ ಸಿಕ್ಕರೆ ಎರಡನೆಯದು ಅರ್ಧ ಇಳಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಡಿಸೈನ್‌ನವರು ಚಹಾ ಕುಡಿದು ಬರುತ್ತಾರೆ ಎಂದಿರಲ್ಲ, ಮೊದಲು ಆ ಮೇಜಿನ ಹತ್ತಿರ ಹೋಗಿ. ಅವರ ಕಂಪ್ಯೂಟರಿನಿಂದ ಗೋಡೆಗೆ ಹೋಗುವ ಕೇಬಲ್ಲು ಎಷ್ಟು ವೇಗದ್ದು? ಒಂದು ಗಿಗಾಬಿಟ್ ಇರಬೇಕು, ಹೆಚ್ಚಿನ ಕಾರ್ಖಾನೆಗಳಲ್ಲಿ ಇಂದಿಗೂ ಅಷ್ಟೇ. ಒಂದು ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹೋಗುತ್ತದೆ. ಪದರಗಳಿರುವ ಸೀರೆ ಡಿಸೈನಿನ ಫೈಲು ಒಂದೂವರೆ ಗಿಗಾಬೈಟ್ ಇದ್ದರೆ ಅದು ಮೇಜಿಗೆ ಬಂದು ತಲುಪಲು ಹದಿನಾಲ್ಕು ಸೆಕೆಂಡು ಬೇಕೇ ಬೇಕು. ಸರ್ವರ್ ರೂಮಿನಲ್ಲಿ ನೀವು 32 ಗಿಗಾ ಹಾಕಿ, 100 ಗಿಗಾ ಹಾಕಿ, ಆ ಹದಿನಾಲ್ಕು ಸೆಕೆಂಡು ಹದಿಮೂರಾಗುವುದಿಲ್ಲ. ಅದನ್ನು ಇಳಿಸುವುದು ಮೇಜಿಗೆ ಬರುವ ಸಂಪರ್ಕದ ವೇಗ ಮಾತ್ರ. ಎರಡೂವರೆ ಗಿಗಾಬಿಟ್ಟಿನ ಈಥರ್‌ನೆಟ್ 2016ರಲ್ಲೇ ಸ್ಟ್ಯಾಂಡರ್ಡ್ ಆಗಿದೆ. ಗೋಡೆಯೊಳಗಿರುವ ಹಳೆಯ ಕ್ಯಾಟ್-5ಇ ಕೇಬಲ್ಲಿನ ಮೇಲೆಯೇ ನೂರು ಮೀಟರ್‌ವರೆಗೆ ಓಡುತ್ತದೆ. ಕ್ಯಾಟ್-6 ಇದ್ದರೆ ಐವತ್ತು ಮೀಟರ್ ಆಸುಪಾಸಿನ ಮೇಜುಗಳಿಗೆ ಹತ್ತು ಗಿಗಾ ಕೂಡ ಕೊಡಬಹುದು. ಇಂಥ ಒಂದು ಸ್ವಿಚ್ಚು, ಕಂಪ್ಯೂಟರಿಗೊಂದು ಕಾರ್ಡು: ಇದರ ಖರ್ಚು ಮೂರು ಕೊಟೇಶನ್‌ಗಳ ಯಾವುದರ ಮುಂದೆಯೂ ಲೆಕ್ಕಕ್ಕೇ ಬಾರದು. ಇದನ್ನು ಯಾವ ಡೀಲರೂ ಹೇಳಲಿಲ್ಲ ಎಂದು ನನಗೆ ಬೇಸರವಿದೆ. ಆರು ತಿಂಗಳಾದ ಮೇಲೆ ಶೇಠರು ಡಿಸೈನ್ ವಿಭಾಗಕ್ಕೆ ಬಂದು “ಇಷ್ಟು ದುಡ್ಡು ಸುರಿದೆ, ಇನ್ನೂ ಹಾಗೇ ಇದೆಯಲ್ಲ” ಎಂದರೆ ಉತ್ತರ ಕೊಡಬೇಕಾದವರು ನೀವು.

ಇನ್ನು ಇಆರ್‌ಪಿ. ಅದು ತೆವಳುವುದಕ್ಕೆ ಕಾರಣ ಮಾತ್ರ ನಿಜವಾಗಿಯೂ ಹಾರ್ಡ್‌ಡಿಸ್ಕ್. ತಿರುಗುವ ಡಿಸ್ಕು ಒಂದು ಬಿಡಿ ಕೋರಿಕೆಗೆ ಉತ್ತರ ಕೊಡಲು ಎಂಟು ಹತ್ತು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಎನ್‌ವಿಎಂಇ ಫ್ಲ್ಯಾಶಿಗೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ ನೂರು ಮೈಕ್ರೋಸೆಕೆಂಡು ಸಾಕು. ಹಳೆಯ ಸಾಟಾ ಪದ್ಧತಿಯಲ್ಲಿ ಒಂದೇ ಸಾಲು, ಅದರಲ್ಲಿ 32 ಕೋರಿಕೆಗಳು ಮಾತ್ರ ನಿಲ್ಲಬಹುದಿತ್ತು. 2011ರಲ್ಲಿ ಬಂದ ಎನ್‌ವಿಎಂಇಯಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಸಾಲುಗಳಿಗೆ ಅವಕಾಶವಿದೆ. ತಿಂಗಳ ಕೊನೆಯಲ್ಲಿ ಐವತ್ತು ಜನ ಒಟ್ಟಿಗೆ ರಿಪೋರ್ಟ್ ತೆಗೆಯುವಾಗ ವ್ಯತ್ಯಾಸ ಕಾಣುವುದು ಇಲ್ಲಿಂದ. ಮೂರು ಕೊಟೇಶನ್‌ಗಳಲ್ಲಿ ಯಾವುದನ್ನು ತಂದರೂ ಈ ಲಾಭ ನಿಮಗೆ ಸಿಕ್ಕೇ ಸಿಗುತ್ತದೆ.

ಹಾಗಾದರೆ ನೆಟ್‌ವರ್ಕು ಎಷ್ಟು ದಪ್ಪಗಿರಬೇಕು? ಡೇಟಾಬೇಸು ಸಾಮಾನ್ಯವಾಗಿ 8 ಕಿಲೋಬೈಟಿನ ತುಂಡುಗಳಲ್ಲಿ ಓದುತ್ತದೆ. ಸೆಕೆಂಡಿಗೆ ಐವತ್ತು ಸಾವಿರ ತುಂಡು ಓದಿತು ಎಂದಿಟ್ಟುಕೊಳ್ಳಿ. ನಿಮ್ಮಂಥ ಕಾರ್ಖಾನೆಗೆ ಅದು ದೊಡ್ಡ ಸಂಖ್ಯೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 400 ಮೆಗಾಬೈಟ್, ಅಂದರೆ ಮೂರೂಕಾಲು ಗಿಗಾಬಿಟ್. ಹತ್ತು ಗಿಗಾದ ಒಂದು ತಂತಿಯಲ್ಲೇ ಇದು ಆರಾಮವಾಗಿ ಹೋಗುತ್ತದೆ. ಒಂದು ಸರ್ವರ್‌ಗೆ 25 ಗಿಗಾದ ಎರಡು ತಂತಿ ಕೊಟ್ಟರೆ ರಾತ್ರಿ ಬ್ಯಾಕಪ್ಪು, ದೊಡ್ಡ ಫೈಲುಗಳ ಓಡಾಟ ಎಲ್ಲಕ್ಕೂ ಜಾಗ ಉಳಿಯುತ್ತದೆ.

ಇದು ನನ್ನ ಅಂದಾಜು; ನೀವು ಅಳೆದು ನೋಡಲೇಬೇಕು. ವಿಎಂವೇರ್‌ನಲ್ಲಿ ಇಎಸ್‌ಎಕ್ಸ್‌ಟಾಪ್ ಇದೆ, ವಿಂಡೋಸಿನಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ಇದೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಸೆಕೆಂಡಿಗೆ ಎಷ್ಟು ಕೋರಿಕೆ, ಎಷ್ಟು ಮೆಗಾಬೈಟ್, ಒಂದೊಂದಕ್ಕೆ ಎಷ್ಟು ಮಿಲಿಸೆಕೆಂಡು ಎಂದು ಬರೆದಿಟ್ಟುಕೊಳ್ಳಿ. ಯಾವುದೋ ಬಿಡುವಿನ ಮಂಗಳವಾರ ಅಳೆಯಬೇಡಿ. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಕು, ತಿಂಗಳ ಕೊನೆಯ ಎರಡು ದಿನ, ನವರಾತ್ರಿಗೆ ಮುಂಚಿನ ಚನಿಯಾ-ಚೋಳಿ ಆರ್ಡರುಗಳ ಗಡಿಬಿಡಿ ಇವೆಲ್ಲ ಅಳತೆಯೊಳಗೆ ಬರಬೇಕು. ಹಳೆಯ ಡಿಸ್ಕು ನಿಧಾನವಿರುವುದರಿಂದ ಹೊಸದರಲ್ಲಿ ಬೇಡಿಕೆ ಏರುತ್ತದೆ. ಸಿಕ್ಕ ಸಂಖ್ಯೆಯನ್ನು ಮೂರರಿಂದ ಗುಣಿಸಿ. ಆಗಲೂ 25 ಗಿಗಾದೊಳಗೆ ಕುಳಿತರೆ ಅಣ್ಣನ ಮಗನ ಎದುರು ನೀವು ವಾದ ಮಾಡಬೇಕಾಗಿಲ್ಲ, ಆ ಕಾಗದ ತೋರಿಸಿದರೆ ಸಾಕು.

ಈಗ ಮೂರು ದಾರಿಗಳನ್ನು ನೋಡೋಣ. ಫೈಬರ್ ಚಾನೆಲ್ ಬಗ್ಗೆ ನನಗೆ ಗೌರವವಿದೆ. 1994ರಲ್ಲಿ ಸ್ಟ್ಯಾಂಡರ್ಡ್ ಆದದ್ದು, ಸ್ಟೋರೇಜಿಗೆಂದೇ ಬೆಳೆದದ್ದು. ಅದರ ಗುಟ್ಟು ಸರಳ. ಇಷ್ಟು ಜಾಗ ಖಾಲಿ ಇದೆ ಎಂದು ಆ ತುದಿಯವನು ಮೊದಲೇ ತಿಳಿಸದ ಹೊರತು ಈ ತುದಿಯವನು ಕಳಿಸುವುದೇ ಇಲ್ಲ, ಹಾಗಾಗಿ ದಟ್ಟಣೆಯಲ್ಲಿ ಪ್ಯಾಕೆಟ್ ಕಳೆದುಹೋಗುವ ಮಾತಿಲ್ಲ. ಬ್ಯಾಂಕುಗಳೂ ದೊಡ್ಡ ಆಸ್ಪತ್ರೆಗಳೂ ಅದನ್ನು ಬಿಡದಿರುವುದು ಇದಕ್ಕೇ. 32 ಗಿಗಾದ ಪೋರ್ಟು ಸೆಕೆಂಡಿಗೆ 3.2 ಗಿಗಾಬೈಟ್ ಕೊಡುತ್ತದೆ, ಅದರ ಮೇಲೆ ಎನ್‌ವಿಎಂಇ ಕೂಡ ಓಡುತ್ತದೆ. ನಿಮ್ಮಲ್ಲಿ ಈಗಾಗಲೇ ಫೈಬರ್ ಚಾನೆಲ್ ಸ್ವಿಚ್ಚುಗಳಿದ್ದಿದ್ದರೆ ಕಣ್ಣುಮುಚ್ಚಿ ಅದನ್ನೇ ಮುಂದುವರಿಸಿ ಎನ್ನುತ್ತಿದ್ದೆ. ಆದರೆ ನೀವು ಸೊನ್ನೆಯಿಂದ ಶುರುಮಾಡಬೇಕು. ಸ್ವಿಚ್ಚು ಮಾಡುವವರು ಮುಖ್ಯವಾಗಿ ಎರಡೇ ಕಂಪನಿ: 2017ರಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡ ಬ್ರೋಕೇಡ್, ಮತ್ತು ಸಿಸ್ಕೋ. ಪ್ರತಿ ಸರ್ವರ್‌ಗೆ ಬೇರೆ ಕಾರ್ಡು, ಪೋರ್ಟಿಗೆ ಬೇರೆ ಲೈಸೆನ್ಸು, ಜೋನಿಂಗ್ ಮಾಡಲು ಬರುವ ಕೈ. ಆ ಸ್ವಿಚ್ಚಿನಲ್ಲಿ ಬೇರಾವ ಕೆಲಸವೂ ಆಗದು. ನಾಲ್ಕು ಸರ್ವರ್‌ಗಳಿಗೆ ಇದು ಭಾರ.

ರೋಸಿಯ ವಿಷಯ ಬೇರೆ. ಒಂದು ಯಂತ್ರದ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ, ಸಿಪಿಯುಗೆ ತೊಂದರೆ ಕೊಡದೆ ಮಾಹಿತಿ ಹಾಕುವ ವಿದ್ಯೆ ಅದು. ಬಲು ವೇಗ. ಆದರೆ ಅದು ಓಡುವುದು ಯುಡಿಪಿ ಮೇಲೆ. ದಾರಿಯಲ್ಲಿ ಒಂದು ಪ್ಯಾಕೆಟ್ ಬಿದ್ದರೂ ಅಲ್ಲಿಂದ ಮುಂದಿನದೆಲ್ಲವನ್ನೂ ಮತ್ತೆ ಕಳಿಸಬೇಕಾಗುವುದುಂಟು, ವೇಗ ಕುಸಿದುಬೀಳುತ್ತದೆ. ಬೀಳದಂತೆ ನೋಡಿಕೊಳ್ಳಲು ಪ್ರತಿ ಸ್ವಿಚ್ಚಿನ ಪ್ರತಿ ಪೋರ್ಟಿನಲ್ಲೂ ಪಿಎಫ್‌ಸಿ, ಇಸಿಎನ್ ಎಂಬ ಹೊಂದಿಕೆಗಳನ್ನು ಸರಿಯಾಗಿ ಕೂರಿಸಬೇಕು. ಪಿಎಫ್‌ಸಿ ಎಂದರೆ “ಸ್ವಲ್ಪ ನಿಲ್ಲು” ಎಂಬ ಸಂದೇಶ. ಒಂದು ಸರ್ವರ್ ನಿಧಾನವಾಗಿ “ನಿಲ್ಲು” ಎಂದರೆ ಸ್ವಿಚ್ಚು ಹಿಂದಿನವರಿಗೆ “ನಿಲ್ಲು” ಎನ್ನುತ್ತದೆ, ಅವರು ಅವರ ಹಿಂದಿನವರಿಗೆ. ತಪ್ಪಿಲ್ಲದ ಮೂರು ಸರ್ವರ್‌ಗಳೂ ಸುಮ್ಮನೆ ನಿಂತುಬಿಡುತ್ತವೆ. ಅಂಥ ಹೊತ್ತಿನಲ್ಲಿ ಯಾವ ಪೋರ್ಟಿನಿಂದ ಶುರುವಾಯಿತು ಎಂದು ಹುಡುಕಲು ಅನುಭವ ಬೇಕು.

ಆರ್‌ಡಿಎಂಎಗೆ ತಕ್ಕ ಜಾಗ ನಿಮ್ಮ ಊರಿನಲ್ಲೇ ಇದೆ. ನವರಂಗಪುರದ ಪಿಆರ್‌ಎಲ್, ಅಂದರೆ ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ ಸಂಸ್ಥೆ, 2015ರಲ್ಲಿ ‘ವಿಕ್ರಮ್-100’ ಎಂಬ ಸೂಪರ್‌ಕಂಪ್ಯೂಟರನ್ನು ಕೂರಿಸಿತು. ಅಂಥ ಕಡೆ ನೂರಾರು ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಬಿಡಿಸುತ್ತವೆ. ಒಬ್ಬರಿಗೊಬ್ಬರು ಮೈಕ್ರೋಸೆಕೆಂಡಿನಲ್ಲಿ ಮಾತಾಡಬೇಕು, ನೋಡಿಕೊಳ್ಳಲು ಅದಕ್ಕೆಂದೇ ಜನರೂ ಇರುತ್ತಾರೆ. ನಾರೋಲ್‌ನಲ್ಲಿ ಇರುವುದು ನೀವು ಮತ್ತು ಒಬ್ಬ ಹುಡುಗ.

ಉಳಿದದ್ದು ಎನ್‌ವಿಎಂಇ-ಟಿಸಿಪಿ. 2018ರ ನವೆಂಬರಿನಲ್ಲಿ ಸ್ಟ್ಯಾಂಡರ್ಡ್ ಆಯಿತು. 2019ರ ಲಿನಕ್ಸ್ 5.0ರಲ್ಲಿ ಸೇರಿತು, 2021ರಲ್ಲಿ ವಿಎಂವೇರ್‌ನ ವಿಸ್ಫಿಯರ್ 7ರ ಮೂರನೇ ಅಪ್‌ಡೇಟಿನಲ್ಲಿ ಬಂತು. ಸಾಮಾನ್ಯ ಈಥರ್‌ನೆಟ್ ಸ್ವಿಚ್ಚು, ಸಾಮಾನ್ಯ ಕಾರ್ಡು, ನಿಮಗೆ ಪರಿಚಯವಿರುವ ಐಪಿ ವಿಳಾಸ. ಪ್ಯಾಕೆಟ್ ಬಿದ್ದರೆ ಟಿಸಿಪಿ ತಾನೇ ಎತ್ತಿ ಮತ್ತೆ ಕಳಿಸುತ್ತದೆ. ಆರ್‌ಡಿಎಂಎಗಿಂತ ಹತ್ತಾರು ಮೈಕ್ರೋಸೆಕೆಂಡು ತಡ, ಸರ್ವರಿನ ಸಿಪಿಯು ಸ್ವಲ್ಪ ಹೆಚ್ಚು ತಿನ್ನುತ್ತದೆ. ಇಆರ್‌ಪಿಯಲ್ಲಿ ಚಲನ್ ಹೊಡೆಯುವವರಿಗೆ ಆ ತಡ ಗೊತ್ತೇ ಆಗುವುದಿಲ್ಲ.

ಆದರೆ ನಾನು ಇದರ ಕಡೆ ವಾಲಿರುವ ದೊಡ್ಡ ಕಾರಣ ಬೇರೆಯೇ ಇದೆ. ಅದೇ 25 ಗಿಗಾ ಸ್ವಿಚ್ಚು, ಅದೇ ಕೇಬಲ್ಲಿನ ಮೇಲೆ ಐಸ್ಕಸಿಯೂ ಓಡುತ್ತದೆ, ಅದು ನಿಮಗೆ ಕರತಲಾಮಲಕ. 2004ರಿಂದ ಇರುವ ಪದ್ಧತಿ, ವಿಂಡೋಸು, ಲಿನಕ್ಸು, ವಿಎಂವೇರ್ ಎಲ್ಲದಕ್ಕೂ ಗೊತ್ತು. ಹೊಸದು ಎಲ್ಲಾದರೂ ತಕರಾರು ಮಾಡಿದರೆ ಸಾಮಾನು ಬದಲಿಸದೆ ಐಸ್ಕಸಿಗೆ ಇಳಿಯಬಹುದು. ಹಾರ್ಡ್‌ಡಿಸ್ಕಿನಿಂದ ಫ್ಲ್ಯಾಶಿಗೆ ಬಂದ ಲಾಭದಲ್ಲಿ ಬಹುಪಾಲು ಆಗಲೂ ಉಳಿಯುತ್ತದೆ. ಬ್ರಾಡ್‌ಕಾಮ್ 2023ರ ಕೊನೆಯಲ್ಲಿ ವಿಎಂವೇರ್ ಕೊಂಡ ಮೇಲೆ ಲೈಸೆನ್ಸು ವರ್ಷವರ್ಷ ಕಟ್ಟುವಂತಾಗಿದೆ. ನಾಳೆ ನಿಮ್ಮ ಶೇಠರು ಬೇರೆ ಹೈಪರ್‌ವೈಸರ್‌ಗೆ ಹೋಗೋಣ ಎಂದರೂ ಈ ತಂತಿಗಳು ಅಲ್ಲಿಯೂ ನಡೆಯುತ್ತವೆ. ಆದ್ದರಿಂದ ಸ್ಟೋರೇಜು ಎರಡೂ ಪದ್ಧತಿಯನ್ನು ಕೊಡುತ್ತದೆಯೇ, ನಿಮ್ಮಲ್ಲಿರುವ ಸರ್ವರ್, ಕಾರ್ಡು, ವಿಸ್ಫಿಯರ್ ಆವೃತ್ತಿಗೆ ಅದು ಒಪ್ಪಿಗೆಯ ಪಟ್ಟಿಯಲ್ಲಿದೆಯೇ ಎಂದು ಡೀಲರಿಂದ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಎರಡನೆಯ ಕೊಟೇಶನ್ ಅಗ್ಗವಾಗಿರುವುದು ಏಕೆ ಎಂದೂ ನೋಡಿ. ನನಗೆ ಅನುಮಾನ, ಅದರಲ್ಲಿ ಸ್ವಿಚ್ಚು ಒಂದೇ ಬರೆದಿರುತ್ತಾರೆ. ಎರಡು ಬೇಕು. ಎರಡನ್ನೂ ಸ್ಟ್ಯಾಕ್ ಮಾಡಿ ಒಂದಾಗಿಸಬೇಡಿ. ಫರ್ಮ್‌ವೇರ್ ಹಾಕುವ ದಿನ ಎರಡೂ ಒಟ್ಟಿಗೆ ಮಲಗುವ ಅಪಾಯವಿದೆ. ಬೇರೆ ಬೇರೆ ಇರಲಿ, ಬೇರೆ ಬೇರೆ ಸಬ್‌ನೆಟ್ ಇರಲಿ, ಬೇರೆ ಬೇರೆ ಯುಪಿಎಸ್‌ನಿಂದ ಕರೆಂಟು ಬರಲಿ. ಪ್ರತಿ ಸರ್ವರ್‌ನಿಂದ ಒಂದೊಂದಕ್ಕೆ ಒಂದೊಂದು ತಂತಿ. ಕಾರ್ಖಾನೆಯ ಸಿಸಿಟಿವಿ, ವೈಫೈ ಯಾವುದೂ ಈ ಸ್ವಿಚ್ಚಿನ ಹತ್ತಿರ ಸುಳಿಯಬಾರದು.

ಜಂಬೋ ಫ್ರೇಮ್ ವಿಷಯದಲ್ಲಿ ಎಂಥವರೂ ಎಡವುತ್ತಾರೆ, ಸ್ವಲ್ಪ ವಿವರಿಸುತ್ತೇನೆ. ಎಲ್ಲ ಕಡೆ ಎಂಟಿಯು, ಅಂದರೆ ಒಂದು ಫ್ರೇಮಿನಲ್ಲಿ ಹೋಗುವ ಗರಿಷ್ಠ ಬೈಟು, 9000 ಮಾಡಿ ಒಂದು ಪೋರ್ಟಿನಲ್ಲಿ ಮಾತ್ರ 1500 ಉಳಿದುಬಿಟ್ಟಿತು ಎನ್ನಿ. ಪಿಂಗ್ ಹೋಗುತ್ತದೆ. ಸ್ಟೋರೇಜು ಕಾಣಿಸುತ್ತದೆ, ಲಾಗಿನ್ ಆಗುತ್ತದೆ, ಸಣ್ಣ ಫೈಲು ಬರೆಯುತ್ತದೆ. ಎಲ್ಲ ಸರಿಯಿದೆ ಎಂದು ಮನೆಗೆ ಹೋಗುತ್ತೀರಿ. ರಾತ್ರಿ ಬ್ಯಾಕಪ್ ಶುರುವಾಗಿ ದೊಡ್ಡ ಫ್ರೇಮುಗಳು ಹೊರಟಾಗ ಆ ದಾರಿ ಹಿಡಿದವೆಲ್ಲ ಮಾಯ, ಇಡೀ ವಾಲ್ಯೂಮು ತೂಗಾಡತೊಡಗುತ್ತದೆ. ಇದನ್ನು ಹಿಡಿಯಲು, ತುಂಡು ಮಾಡಬಾರದು ಎಂಬ ಗುರುತಿನೊಂದಿಗೆ 8972 ಬೈಟಿನ ಪಿಂಗ್ ಕಳಿಸಿ. ಉಳಿದ 28 ಬೈಟು ಹೆಡರಿನದು. ನಾಲ್ಕು ಸರ್ವರ್, ಎರಡು ಸ್ವಿಚ್ಚು, ಎರಡು ಕಂಟ್ರೋಲರ್, ಎಲ್ಲ ದಾರಿಯಲ್ಲೂ ಆ ಪಿಂಗ್ ತಿರುಗಿ ಬಂದರೆ ಮಾತ್ರ ಮುಂದಕ್ಕೆ ಹೋಗಿ. ಒಂದೇ ಒಂದು ಕಡೆ ಬರದಿದ್ದರೂ ಸದ್ಯಕ್ಕೆ ಎಲ್ಲವನ್ನೂ 1500ರಲ್ಲೇ ಇಟ್ಟುಬಿಡಿ. ವೇಗ ಸ್ವಲ್ಪ ಕಡಿಮೆಯಾದೀತು, ರಾತ್ರಿ ಫೋನು ಬರುವುದಿಲ್ಲ.

ಸೂರತ್ ಬಗ್ಗೆ ಕೇಳಿದಿರಿ. ನೇರವಾಗಿ ಕೊಡಬೇಡಿ. ಗಾಜಿನ ನಾರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಐದು ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತದೆ. ಅಹಮದಾಬಾದ್‌ನಿಂದ ಸೂರತ್‌ಗೆ ರಸ್ತೆ ಲೆಕ್ಕದಲ್ಲಿ ಸುಮಾರು 265 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ 2,650 ಮೈಕ್ರೋಸೆಕೆಂಡು. ನಿಮ್ಮ ಫ್ಲ್ಯಾಶು ಉತ್ತರ ಕೊಡುವುದು ನೂರರಲ್ಲಿ. ಅಂದರೆ ದಾರಿಯೇ ಇಪ್ಪತ್ತಾರು ಪಟ್ಟು ತಿಂದುಹಾಕುತ್ತದೆ, ಲೈನಿಗೆ ಎಷ್ಟೇ ದುಡ್ಡು ಕೊಟ್ಟರೂ ಬೆಳಕಿನ ವೇಗ ಹೆಚ್ಚದು. ಸುಮಾರು 110 ಕಿಲೋಮೀಟರ್ ದೂರದ ವಡೋದರಾಕ್ಕೂ ಒಂದು ಮಿಲಿಸೆಕೆಂಡು ದಾಟುತ್ತದೆ. ಜೊತೆಗೆ ಹೆದ್ದಾರಿ ಕೆಲಸದವರು ಎಲ್ಲೋ ಫೈಬರ್ ಕಡಿದರೆ ಡಿಸ್ಕೇ ಕಿತ್ತುಕೊಂಡಂತಾಗಿ ಫೈಲುಗಳು ಕೆಡುತ್ತವೆ. ಹಂಚಿಕೊಳ್ಳುವ ಫ್ಲ್ಯಾಶು ಒಂದು ರೂಮಿನೊಳಗಿನ ಸಂಸಾರ. ಸೂರತ್ ಸ್ಟುಡಿಯೋಗೆ ಅಲ್ಲಿಯೇ ಒಂದು ಸಣ್ಣ ನ್ಯಾಸ್ ಪೆಟ್ಟಿಗೆ ಇಟ್ಟು, ಡಿಸೈನ್ ಫೋಲ್ಡರುಗಳು ಎರಡು ಕಡೆಯೂ ಹಿಂದಿನಿಂದ ಹೊಂದಿಕೊಳ್ಳುವಂತೆ ಮಾಡಿ. ನಾರೋಲ್‌ನ ಮಾಹಿತಿಯ ನಕಲೂ ದಿನಾ ರಾತ್ರಿ ಅಲ್ಲಿಗೆ ಹೋಗಲಿ. ರಾನ್ಸಮ್‌ವೇರ್ ಬಂದರೆ ಫ್ಲ್ಯಾಶಿನಲ್ಲಿದ್ದದ್ದನ್ನೂ ಅಷ್ಟೇ ಬೇಗ ಹಾಳುಮಾಡುತ್ತದೆ, ಅಳಿಸಲಾಗದ ನಕಲು ಬೇರೆ ಊರಿನಲ್ಲಿರಬೇಕು. ಆ ಪೆಟ್ಟಿಗೆ ಮಾತ್ರ ನೆಲಮಹಡಿಯಲ್ಲಿ ಬೇಡ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯ ನೀರು ಬಿಟ್ಟಾಗ ತಾಪಿ ನದಿ ಸೂರತ್‌ನ ಬಹುಭಾಗವನ್ನು ಮುಳುಗಿಸಿತು, 2024ರ ಆಗಸ್ಟ್ ಕೊನೆಯಲ್ಲಿ ವಡೋದರಾದ ವಿಶ್ವಾಮಿತ್ರಿ ನದಿಯೂ ಮನೆ ಅಂಗಡಿಗಳಿಗೆ ನುಗ್ಗಿತು. ನಾರೋಲ್‌ನಲ್ಲಿ ನೀರಿನ ಜೊತೆಗೆ ಬಿಸಿಲನ್ನೂ ನೆನೆಯಿರಿ: 2016ರ ಮೇ 20ರಂದು ನಿಮ್ಮೂರಿನಲ್ಲಿ 48 ಡಿಗ್ರಿ ಮುಟ್ಟಿತ್ತು. ಸರ್ವರ್ ರೂಮಿಗೆ ಎರಡನೇ ಎಸಿಯನ್ನು ಇದೇ ಬಜೆಟ್ಟಿನಲ್ಲಿ ಸೇರಿಸಿ.

ಬದಲಾವಣೆ ಯಾವಾಗ? ದೀಪಾವಳಿಯ ಚೋಪಡಾ ಪೂಜೆಯಿಂದ ಲಾಭ ಪಂಚಮಿವರೆಗೆ ಗುಜರಾತಿನ ವ್ಯಾಪಾರ ಮುಚ್ಚಿರುತ್ತದೆ, ಇಂಥ ಬಿಡುವು ಕರ್ನಾಟಕದಲ್ಲಿ ಕೇಳಿದರೂ ಸಿಗದು. ತೊಡಕೆಂದರೆ ಡೀಲರಿನ ಎಂಜಿನಿಯರೂ ಅದೇ ರಜೆಗೆ ಊರಿಗೆ ಹೋಗಿರುತ್ತಾನೆ. ಆ ದಿನಗಳಲ್ಲಿ ಯಾರು ಸೈಟಿನಲ್ಲಿರುತ್ತಾರೆ ಎಂಬುದನ್ನು ಪಿಒದಲ್ಲೇ ಬರೆಸಿ. ಕೊನೆಯ ಕಂತಿನ ದುಡ್ಡು ಹಿಡಿದಿಟ್ಟುಕೊಳ್ಳಿ. ಭಾರ ಹಾಕಿ ಓಡುತ್ತಿರುವಾಗಲೇ ಒಂದು ಕೇಬಲ್ ಕಿತ್ತು, ಒಂದು ಸ್ವಿಚ್ಚಿನ ಕರೆಂಟು ತೆಗೆದು, ಒಂದು ಕಂಟ್ರೋಲರನ್ನು ಆರಿಸಿ ತೋರಿಸಲಿ. ಇಆರ್‌ಪಿ ಎಷ್ಟು ಸೆಕೆಂಡು ತಡವರಿಸಿತು ಎಂದು ಶೇಠರ ಎದುರಿಗೇ ಬರೆದುಕೊಳ್ಳಿ. ನಿಮ್ಮ ಹುಡುಗನೂ ಅಲ್ಲಿ ನಿಂತು ಒಂದು ಕೇಬಲ್ ತನ್ನ ಕೈಯಾರೆ ಕಿತ್ತು ನೋಡಲಿ.

ಇನ್ನು ಸಹಿಯ ಮಾತು. “ನೀವೇ ಸಹಿ ಹಾಕಿ” ಎಂದಾಗ ನೀವು ಒಂಟಿ ಎನಿಸಿದ್ದು ಸಹಜ. ಹೊರನಾಡಿನಲ್ಲಿ ಹದಿಮೂರು ವರ್ಷ ಗಳಿಸಿದ ಹೆಸರು ಒಂದು ರಾತ್ರಿಯಲ್ಲಿ ಹೋದೀತೆಂಬ ಭಯ ನನಗೆ ಅರ್ಥವಾಗುತ್ತದೆ. ಎರಡು ಪುಟದ ಟಿಪ್ಪಣಿ ಮಾಡಿ, ಹಿಂದಿಯಲ್ಲೋ ಗುಜರಾತಿಯಲ್ಲೋ ಶೇಠರು ಓದುವಂತೆ. ನಿಮ್ಮ ಅಳತೆ, ಮೂರು ದಾರಿಯ ಐದು ವರ್ಷದ ಖರ್ಚು ಎಎಂಸಿ ಸೇರಿಸಿ, ಪ್ರತಿಯೊಂದೂ ಕೆಟ್ಟರೆ ಯಾರು ಎಷ್ಟು ಗಂಟೆಯಲ್ಲಿ ರಿಪೇರಿ ಮಾಡುತ್ತಾರೆ, ಇಷ್ಟೇ ಇರಲಿ. ಆರ್‌ಡಿಎಂಎ ಸಾಲಿನಲ್ಲಿ “ನಮ್ಮಲ್ಲಿ ಇದನ್ನು ಬಲ್ಲವರಿಲ್ಲ, ತರುವುದಾದರೆ ಒಬ್ಬರನ್ನು ನೇಮಿಸಬೇಕು” ಎಂದು ಸಂಕೋಚವಿಲ್ಲದೆ ಬರೆಯಿರಿ. ಅದನ್ನು ಓದಿ ನಿಮ್ಮನ್ನು ಹಳಬ ಎನ್ನುವವರಿಗಿಂತ, ಸಂಬಳದ ಲೆಕ್ಕ ಹಾಕುವವರೇ ಹೆಚ್ಚು. ಅಣ್ಣನ ಮಗನನ್ನು ಎದುರಾಳಿ ಮಾಡಿಕೊಳ್ಳಬೇಡಿ, ಅಳತೆಯ ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಖ್ಯೆಗಳನ್ನು ಅವನೇ ಓದಲಿ. ಟಿಪ್ಪಣಿಯ ಕೊನೆಗೆ ಶೇಠರ ಸಹಿಯನ್ನೂ ತೆಗೆದುಕೊಳ್ಳಿ. ಹಣ ಅವರದು, ನಿರ್ಧಾರ ಇಬ್ಬರದು.

ಈ 20ನೇ ತಾರೀಕಿಗೆ ಅಳತೆ ಶುರುಮಾಡಿ. ಡಿಸೈನ್ ಮೇಜುಗಳ ಸ್ವಿಚ್ಚು, ಕಾರ್ಡುಗಳನ್ನು ಅದಕ್ಕೂ ಮುಂಚೆ ಬದಲಿಸಿ. ಸಂಖ್ಯೆಗಳು ನಾನು ಹೇಳಿದ ಅಂದಾಜಿನೊಳಗೆ ಬಂದರೆ ಎರಡನೆಯ ಕೊಟೇಶನ್‌ಗೆ ಸಹಿ ಹಾಕಿ, ಸ್ವಿಚ್ಚು ಎರಡು ಎಂದು ತಿದ್ದಿಸಿದ ಮೇಲೆ.